ಚೀಟಿ ಬರೆಯುವ ಕೆಲಸ

ಗ್ರಿಮ್ಸ್‌ಬಿಯಲ್ಲಿ ಮೀನು ಹೋಯಿತು, ವಾಸನೆ ಉಳಿಯಿತು.
ಹಡಗುಕಟ್ಟೆಯ ಹಿಂದಿನ ಓಣಿಯಲ್ಲಿ
ಡೆನ್ಝಿಲ್‌ನ ಹಳೇ ರೆಕಾರ್ಡಿನ ಅಂಗಡಿ.
ನನ್ನ ಕೆಲಸ ಚೀಟಿ ಬರೆಯುವುದು:
ಜಾಝ್, ಜಾನಪದ, ಪಂಕ್, ಪ್ರೋಗ್,
ಖಾನೆಗೊಂದು ರಟ್ಟು, ದಪ್ಪ ಅಕ್ಷರ.
ನಾಲ್ಕು ವರ್ಷದಲ್ಲಿ ಕೈ ತಡೆದದ್ದು ಒಂದೇ ಸಲ.

ಐವರ್ ಮಾಲ್ಟ್‌ಬಿ ತೀರಿಕೊಂಡ ಮೇಲೆ
ಅವನ ಹನ್ನೊಂದು ರೆಕಾರ್ಡು
ಬಾಳೆಹಣ್ಣಿನ ಪೆಟ್ಟಿಗೆಯಲ್ಲಿ ಬಂದವು.
ಮೊದಲನೆಯದರಲ್ಲಿ ಒಂದೇ ಹಾಡು, ಇಪ್ಪತ್ತಮೂರು ನಿಮಿಷ.
ಏಳರಲ್ಲಿ ಹೊರಟು ಹನ್ನೊಂದಕ್ಕೆ ಹತ್ತುವಾಗ ಕೊಳಲು ದಾರಿ ತಪ್ಪುತ್ತದೆ,
ಆರ್ಗನ್ ಹೋಗಿ ಹುಡುಕಿ ತರುತ್ತದೆ.
ಎರಡನೆಯದು ಪ್ರೇಮಗೀತೆ, ಪಾತ್ರೆ ತೊಳೆಯುತ್ತ ಗುನುಗಬಹುದು.
ನಾಲ್ಕನೆಯದರಲ್ಲಿ ಬೆಸ್ತರ ಬ್ರಾಸ್ ಬ್ಯಾಂಡು.
ಆರನೆಯದರಲ್ಲಿ ಮಂಜುಗಡ್ಡೆ ಕಾರ್ಖಾನೆಯ ಯಂತ್ರ,
ಅದರ ಮೇಲೆ ಇವನ ಗಿಟಾರು ಹಲ್ಲು ಕಟಕಟಿಸುತ್ತದೆ.
ಒಂಬತ್ತನೆಯದರಲ್ಲಿ ವಾದ್ಯವೇ ಇಲ್ಲ.
ಬರೀ ಉಬ್ಬರ ಇಳಿತದ ವೇಳಾಪಟ್ಟಿ ಓದುತ್ತಾನೆ,
ಜನವರಿಯಿಂದ ಮಾರ್ಚ್‌ವರೆಗೆ.

"ಪ್ರೋಗ್," ಅಂದ ಡೆನ್ಝಿಲ್.
"ಏಳರ ತಾಳ, ಉದ್ದನೆ ಹಾಡು, ಇನ್ನೇನು ಬೇಕು?"
"ಐದಕ್ಕೊಮ್ಮೆ ಕುಂಟುತ್ತೆ ನನ್ನ ಬಟ್ಟೆ ಒಗೆಯೋ ಮೆಷಿನ್ನು,
ಅದನ್ನೂ ತಂದು ಇಡಲಾ?" ಅಂದಳು ಬೆರಿಲ್,
ಮೂವತ್ತು ವರ್ಷ ಬಸ್ಸು ಓಡಿಸಿದವಳು.

ಕಾಲಮ್‌ಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ.
"ಪ್ರಗತಿ ಅಂತ ಹೆಸರಿಟ್ಟುಕೊಂಡು ಐವತ್ತು ವರ್ಷದಿಂದ
ಅದೇ ಕೋಟೆ, ಅದೇ ಮಾಂತ್ರಿಕ, ಅದೇ ಹೊಗೆ.
ನಿಂತಲ್ಲೇ ಬೇರು ಬಿಟ್ಟವರನ್ನು ಒಳಗೆ ಕೂರಿಸಿ
ನಡೆದವನನ್ನು ಹೊಸ್ತಿಲಲ್ಲಿ ತಡೀತೀರಾ?
ಒಂದರಂತೆ ಇನ್ನೊಂದಿಲ್ಲ, ಅದಕ್ಕೇ ಅವನು ಪ್ರೋಗ್!"
"ತಿಂಗಳಿಗೊಂದು ಮನೆ ಬದಲಿಸುವವನು
ಯಾತ್ರಿಕ ಅಲ್ಲ ಮಗಾ," ಬೆರಿಲ್ ಚಹಾ ಊದಿದಳು,
"ಬಾಡಿಗೆ ಕಟ್ಟದವನು."

ಹಾವೂ ಸಾಯದಿರಲಿ ಕೋಲೂ ಮುರಿಯದಿರಲಿ ಎಂದು
ಹಂಚಿಬಿಡೋಣ ಅಂದೆ ನಾನು,
ಮೊದಲನೆಯದು ಪ್ರೋಗ್‌ಗೆ, ಬ್ಯಾಂಡು ಜಾನಪದಕ್ಕೆ...
ಮೂವರೂ ಒಂದಾಗಿ ತಿರುಗಿ ನೋಡಿದರು,
ಸತ್ತವನನ್ನು ಹನ್ನೊಂದು ಕಡೆ ಹೂಳಲು ಹೊರಟವಳನ್ನು
ನೋಡುವ ಹಾಗೆ.

ಗುರುವಾರ ಅವನ ಅಕ್ಕ ಬಂದಳು, ಹೆಸ್ಟರ್,
ಪೆಟ್ಟಿಗೆಯ ದುಡ್ಡಿಗೆ. ಮಳೆಕೋಟು ಬಿಚ್ಚಲಿಲ್ಲ.
ವೃದ್ಧರ ಸಭಾಂಗಣದಲ್ಲಿ ಇಪ್ಪತ್ತಾರು ವರ್ಷ
ವಾರಕ್ಕೊಮ್ಮೆ ಪಿಯಾನೋ ನುಡಿಸುತ್ತಿದ್ದನಂತೆ,
ಅದೇ ವಾಲ್ಟ್ಝ್, ಅದೇ ಮೂರು ಕಾರ್ಡು.
"ಒಂದು ಸ್ವರ ಆಚೀಚೆ ಮಾಡಿದರೆ
ಕಾಲು ಎಡವುತ್ತಿದ್ದರು ಪಾಪ, ಮಾಡಲಿಲ್ಲ."
ಕಾಲಮ್‌ನ ಕಿವಿಯ ಬಣ್ಣ ಇಳಿಯಿತು.
ಬೆರಿಲ್ ಕೂಡ ಗೆದ್ದವಳಂತೆ ಕಾಣಲಿಲ್ಲ.
"ಇಷ್ಟಕ್ಕೂ ಪ್ರೋಗ್ ಅಂದರೇನು?" ಕೇಳಿದಳು ಹೆಸ್ಟರ್.
ಮೂವರೂ ಒಟ್ಟಿಗೇ ಶುರು ಮಾಡಿದರು.
ಅವಳು ಒಂದೊಂದೇ ಬೆರಳಿಗೆ ಕೈಗವಸು ಏರಿಸಿ
ಮೆಲ್ಲಗೆ ಬಾಗಿಲು ಹಾಕಿಕೊಂಡು ಹೋದಳು.

ಬಾಗಿಲು ಮುಚ್ಚಿದ ಮೇಲೆ ನಾನು ಒಂಬತ್ತನೆಯದನ್ನು ಹಾಕುತ್ತೇನೆ,
ಯಾರಿಗೂ ಹೇಳಿಲ್ಲ.
ನೀರು ಏರುವ ಗಳಿಗೆಯನ್ನು ಓದಿದಷ್ಟೇ ನಿಧಾನವಾಗಿ
ಇಳಿಯುವ ಗಳಿಗೆಯನ್ನೂ ಓದುತ್ತಾನೆ.
ಫೆಬ್ರವರಿಯಲ್ಲಿ ಒಮ್ಮೆ ಕೆಮ್ಮುತ್ತಾನೆ, ಅಳಿಸಿಲ್ಲ.
ಪೆನ್ನಿನ ಮುಚ್ಚಳ ತೆಗೆದಿಟ್ಟು ಕೂತಿರುತ್ತೇನೆ, ಶಾಯಿ ಒಣಗುತ್ತದೆ.

ಶನಿವಾರ ಯಾರೋ ಒಬ್ಬಾಕೆ ಬಂದು
ಮೊದಲ ರೆಕಾರ್ಡು ಕೊಂಡಳು, ಅದೇ ಇಪ್ಪತ್ತಮೂರು ನಿಮಿಷದ್ದು.
ಹೊದಿಕೆಯ ಹಸಿರು ಅವಳ ಬಚ್ಚಲಮನೆಯ ಹಂಚಿಗೆ ಹೊಂದುತ್ತದಂತೆ,
ಚೌಕಟ್ಟು ಹಾಕಿಸಿ ತೂಗುಹಾಕುತ್ತಾಳಂತೆ.
ಡೆನ್ಝಿಲ್ ಚಿಲ್ಲರೆ ಎಣಿಸುತ್ತ ಎರಡು ಸಲ ತಪ್ಪಿದ.
ಪೆಟ್ಟಿಗೆಯಲ್ಲಿ ಉಳಿದ ಹತ್ತು
ಒಂದರ ಮೇಲೊಂದು ವಾಲಿಕೊಂಡವು.

"ಈಗ ಹೇಳಿ," ಬೆರಿಲ್ ಕುರ್ಚಿ ಎಳೆದಳು,
"ಈಗ ಹೇಗೆ ಪ್ರೋಗ್?"