ಪರಿಪೂರಕ

ಪ್ಲಾಸ್ಟರ್ ಬಿಚ್ಚಿದ ದಿನ
ಕೈ ತೊಂಬತ್ತಕ್ಕೇ ನಿಂತಿತ್ತು.
"ನೋಡು, ಮೂಲೆಮಟ್ಟ" ಎಂದು ನಕ್ಕ ವಾರ್ದ್ಗೆಸ್,
ಗ್ಯುಮ್ರಿಯ ಕಪ್ಪು ಕಲ್ಲಿಗೆ
ನಲವತ್ತು ವರ್ಷ ಮೂಲೆ ತಿದ್ದಿದವನು.
"ಲಂಬಕೋನ. ಕೂದಲೆಳೆಯಷ್ಟೂ ತಪ್ಪಿಲ್ಲ.
ಇದರಲ್ಲಿ ಕಾಫಿ ಕುಡಿಯೋದು ಹೇಗೆ, ಹೇಳು."

ಮೊಣಕೈ ಗಂಟಿನ ಮೇಲೆ
ಕೋನಮಾಪಕದ ಮೊಳೆ ಇಟ್ಟೆ,
ಒಂದು ಪಟ್ಟಿ ಹೆಗಲಿನತ್ತ, ಒಂದು ಮಣಿಕಟ್ಟಿನತ್ತ.
ಕೋನಕ್ಕೆ ಎರಡು ಬಾಹು ಅನ್ನುತ್ತಾರೆ.
ಇಲ್ಲಿ ಒಂದೇ ಬಾಹುವಿನೊಳಗೆ ಎರಡೂ.

ನನ್ನ ಚೀಟಿಯಲ್ಲಿ ಚಾಚಿದ ಕೈ ಎಂದರೆ ಸೊನ್ನೆ;
ಮಡಚಿದಷ್ಟೂ ಅಂಕಿ ಏರುತ್ತದೆ.
ಅವನಿಗೆ ಹಿಡಿಸಲಿಲ್ಲ.
"ಸೊನ್ನೆಯೇ? ಅದು ಸರಳಕೋನ ಮಗಳೇ,
ನೂರ ಎಂಬತ್ತು. ಗೋಡೆ ಮೇಲೆ ಬಿಗಿದ ದಾರ."
ಸಿಮೆಂಟು ಚೀಲದ ಹರುಕಿನಲ್ಲಿ
ತನ್ನದೇ ಲೆಕ್ಕ ಬರೆಯತೊಡಗಿದ.
ತೊಂಬತ್ತರಲ್ಲಿ ಮಾತ್ರ ನಮ್ಮಿಬ್ಬರದು ಒಂದೇ ಮಾತು.
ಆಮೇಲೆ ಬರೀ ಜಗಳ.

ಮೂರನೆಯ ವಾರ ಬಟ್ಟಲು ಗಲ್ಲದ ತನಕ ಬಂತು.
ಅವನದು ಎಪ್ಪತ್ತು, ನನ್ನದು ನೂರ ಹತ್ತು.
ಲಘುಕೋನ ಎಂದು ಹೆಸರಿಟ್ಟವರು
ಹಲ್ಲು ಕಚ್ಚಿ ಅದನ್ನು ಮಡಚಿದವರಲ್ಲ.
ಐದನೆಯ ವಾರ ಐವತ್ತು, ನೂರ ಮೂವತ್ತು.
ತುಟಿಗೆ ಮುಟ್ಟುವಷ್ಟರಲ್ಲಿ ಕಾಫಿ ಆರಿತ್ತು.
ಪೂರ್ತಿ ಕುಡಿದ, ಗಸಿಯನ್ನೂ.

ಬಿಡಿಸುವುದು ಇನ್ನೂ ನಿಧಾನ.
ವಿಶಾಲಕೋನ ಎಂಬ ಒಂದೇ ಹೆಸರಿನಲ್ಲಿ
ಎಷ್ಟೊಂದು ಮೆಟ್ಟಿಲು:
ನೂರಿಪ್ಪತ್ತಕ್ಕೆ ನೆರೆಯವನ ಕೈಕುಲುಕು,
ನೂರ ನಲವತ್ತಕ್ಕೆ ಷೂ ದಾರ,
ನೂರ ಅರವತ್ತೈದಕ್ಕೆ
ಮೇಲಿನ ಹಲಗೆಯಲ್ಲಿಟ್ಟ ಉಳಿ.
ಅಲ್ಲಿಗೆ ನಿಂತಿತು.
ಹದಿನೈದು ಡಿಗ್ರಿ ಬಾಕಿ.
"ಇರಲಿ ಬಿಡು" ಎಂದ,
"ಎಷ್ಟು ಬಿಗಿದರೂ ದಾರ ನಡುವೆ ಜೋಲುತ್ತದೆ."

ಕೊನೆಯ ದಿನ ಮೊಮ್ಮಗಳು ಅರ್ಪಿನೆ
ಶಾಲೆಯ ಚೀಲದೊಂದಿಗೆ ಬಂದಿದ್ದಳು.
ಹರುಕನ್ನೂ ಚೀಟಿಯನ್ನೂ ಪಕ್ಕಪಕ್ಕ ಇಟ್ಟು
ಸಾಲು ಸಾಲಾಗಿ ಕೂಡಿದಳು:
ಎಪ್ಪತ್ತು, ನೂರ ಹತ್ತು.
ಐವತ್ತು, ನೂರ ಮೂವತ್ತು.
"ಎಲ್ಲವೂ ನೂರ ಎಂಬತ್ತೇ!
ಇಷ್ಟು ದಿನ ಜಗಳ ಯಾಕೆ ಆಡಿದಿರಿ?
ನೀವಿಬ್ಬರೂ ಪರಿಪೂರಕ ಕೋನಗಳು."

ನಾವು ನೆಲ ನೋಡಿದೆವು.

"ನನ್ನದೂ ಅಳೆ" ಎಂದು ಕೈ ಚಾಚಿದಳು.
ಎಳೆಯ ಮೊಣಕೈ ಸರಳರೇಖೆಯನ್ನು ದಾಟಿ
ಆಚೆಗೆ ಬಾಗಿತು.
ಪಟ್ಟಿ ಓದಿದ ಮುದುಕ
ನೂರ ಎಂಬತ್ತಾರು ಎಂದ, ಮೆಲ್ಲಗೆ.
"ಸರಳಾಧಿಕ. ಇಂಥ ಮೂಲೆ
ನಾನು ಒಂದೂ ಕಡೆದಿಲ್ಲ."

ಸೊನ್ನೆಗಿಂತ ಆರು ಕಡಿಮೆ ಎಂದು ಬರೆಯಲು
ನನ್ನ ಚೀಟಿಯಲ್ಲಿ ಜಾಗವಿರಲಿಲ್ಲ.
ಅವನ ಹರುಕಿನ ಅಂಚಿನಲ್ಲಿ ಬರೆದೆ.