ಏಳನೇ ಖಾನೆ

ಭತ್ಯೆಯ ಅರ್ಜಿಯಲ್ಲಿ ಏಳನೇ ಖಾನೆ: ವೃತ್ತಿ.
ಲೋರ್ಕನ್ ಪೆನ್ನಿನ ಟೋಪಿ ಕಚ್ಚಿಕೊಂಡು ಕೂತ.
ಗಾಜಿನಾಚೆ ಬ್ರೀಜ್ ಮ್ಯಾಕ್‌ಗಿನ್ಲಿ,
ನಮಗೆ ಮಗ್ಗಿ ಕಲಿಸಿದ ಟೀಚರಿನ ತಂಗಿ,
"ಬೇಗ ಬರಿಯೋ ಮಾರಾಯ, ಸಾಲು ಬೆಳೀತಿದೆ" ಅಂದಳು.
ಅವನು ಬರೆದ: ರ‍್ಯಾಪರ್.
ಅವಳು ಕನ್ನಡಕ ಏರಿಸಿ ಓದಿ, ಕೈತಪ್ಪು ಅಂದುಕೊಂಡು
ಪ್ಯಾಕರ್ ಎಂದು ತಿದ್ದಿದಳು.

ಸುಳ್ಳೇನಲ್ಲ.
ಕಿಲಿಬೆಗ್ಸ್ ಧಕ್ಕೆಯಲ್ಲಿ ರಾತ್ರಿ ಪಾಳಿ,
ಇಪ್ಪತ್ತು ಕಿಲೋ ಪೆಟ್ಟಿಗೆ, ಬಂಗಡೆಯ ಮೇಲೆ ಬಂಗಡೆ,
ತಲೆ ಅತ್ತ, ಬಾಲ ಇತ್ತ.
ಮಂಜುಗಡ್ಡೆ ಅರೆಯುವ ಹಳೆಯ ಯಂತ್ರ
ಮೂರು ಹೊಡೆತಕ್ಕೊಮ್ಮೆ ತೊದಲುತ್ತಿತ್ತು:
ಧಡ್ ಧಡ್ ಧಡ್ ಅ–ಧಡ್.
ಅದನ್ನು ಫೋನಿನಲ್ಲಿ ಹಿಡಿದು ತಂದು
ಅಮ್ಮನ ಕೋಟುಗಳ ಕಪಾಟಿನೊಳಗೆ ಕೂತು
ಕತ್ತರಿಸಿ ಹೊಲಿದವನು ನಾನು.
ನಮ್ಮ ಮೊದಲ ತಾಳ. ಮೀನು ವಾಸನೆ ಕಿವಿಗೂ ಹತ್ತಿತ್ತು.

ಹದಿನೇಳಕ್ಕೆ ಲೋರ್ಕನ್ ನ್ಯೂಯಾರ್ಕಿನವನಾಗಿದ್ದ.
ಸ್ಲೈಗೋ ದಾಟದ ಹುಡುಗ
ಕಾಣದ ಸುರಂಗ ರೈಲು, ಮುಟ್ಟದ ಪಿಸ್ತೂಲು,
ಎಲ್ಲಕ್ಕೂ ಪ್ರಾಸ ಕೂರಿಸಿ
ಮೂಗಿನಲ್ಲಿ ಉಗುಳುತ್ತಿದ್ದ.
ಒಂದು ಸಂಜೆ ಅಜ್ಜಿ ಯೂನಾ
ಸೂಪಿನ ಸೌಟು ಹಿಡಿದು ಬಾಗಿಲಿಗೆ ಬಂದು ಕೇಳಿದಳು:
"ಒಳಗೆ ಆ ಹುಡುಗ ಯಾರು?
ಊಟಕ್ಕಿರ್ತಾನಾ?"

ಒಂದು ವಾರ ಬಾಯಿಗೆ ಬೀಗ.
ಎಂಟನೇ ದಿನ ಬಾಯಿಬಿಟ್ಟಾಗ ಬಂದದ್ದು
ನಮ್ಮದೇ ಮಾತು, ಉಪ್ಪು ಹಿಡಿದದ್ದು,
ಸಾಲಿನ ತುದಿಯಲ್ಲಿ ಅಲೆಯಂತೆ ಏರುವುದು,
ಡಬ್ಲಿನ್ನಿನವರು ಎರಡೆರಡು ಸಲ "ಏನು?" ಎನ್ನುವುದು.

ಆಮೇಲೆ ಏಳಿಗೆ ಎನ್ನಿ, ಏನು ಬೇಕಾದರೂ ಎನ್ನಿ.
ಲೆಟರ್‌ಕೆನಿಯ ಪಬ್ಬಿನ ಹಿಂಗೋಣೆ, ಕೇಳುಗರು ಹನ್ನೊಂದು,
ಅದರಲ್ಲಿ ನಾಲ್ವರು ಮಳೆಗೆ ಹೆದರಿ ಒಳಬಂದವರು.
ರಾತ್ರಿ ಒಂದೂ ನಲವತ್ತಕ್ಕೆ ರೇಡಿಯೋದಲ್ಲಿ ಒಮ್ಮೆ,
ಹೆಸರು ತಪ್ಪು ಹೇಳಿದರು. ಆದರೂ ಯೂನಾ
ನೆರೆಮನೆಯವರನ್ನು ಎಬ್ಬಿಸಿದ್ದಳು.
ಮತ್ತೊಂದು ಆಗಸ್ಟ್. ಕೆಸರು, ಡೇರೆ, ಮೂರು ಸಾವಿರ ಜನ.
ಅವನು ಅರ್ಧ ಸಾಲು ಎಸೆದ, ಉಳಿದರ್ಧ
ಅವರು ತಿರುಗಿ ಎಸೆದರು.
ವೇದಿಕೆ ಇಳಿದು ವ್ಯಾನಿನ ಹಿಂದೆ ವಾಂತಿ ಮಾಡಿಕೊಂಡ.
"ಸಂತೋಷಕ್ಕೆ" ಅಂದ. ನಂಬಿದೆ.

ಡಬ್ಲಿನ್ನಿನ ಕಂಪನಿಯವನೊಬ್ಬ ಚಹಾಕ್ಕೆ ಕರೆದ.
"ಹಾಡು ಚಿನ್ನ. ಉಚ್ಚಾರ ಮಾತ್ರ
ಸ್ವಲ್ಪ ಮುಳ್ಳು ಮುಳ್ಳು. ತೆಗೆಯೋಣವಾ?"
ಲೋರ್ಕನ್ ಸಕ್ಕರೆ ಕದಡುತ್ತಾ ಹೇಳಿದ:
"ಮುಳ್ಳು ತೆಗೆದ ಮೀನು ತಿನ್ನೋಕೆ ಸುಲಭ.
ಈಜೋದಿಲ್ಲ."
ಅವನು ನಕ್ಕ, ಚಹಾದ ದುಡ್ಡು ಕೊಟ್ಟ.
ಆ ಕಂಪನಿಯಿಂದ ನಮಗೆ ಬಂದ ಆದಾಯ ಅಷ್ಟೇ.

ನಾನು ಬಿಟ್ಟೆ.
ಮಗಳು ಹುಟ್ಟಿದಳು, ಅದಕ್ಕೆ, ಎಂದು ಕೇಳಿದವರಿಗೆ ಹೇಳುತ್ತೇನೆ.
ಮಗಳು ಹುಟ್ಟಿದ್ದು ನಿಜವೇ.
ಆದರೆ ಆ ಮೂರು ಸಾವಿರದಲ್ಲಿ ಒಬ್ಬನೂ
ತಾಳ ಯಾರದ್ದು ಎಂದು ಕೇಳಲಿಲ್ಲ.
ಲೋರ್ಕನ್ ಕೂಡ ಹೇಳಲಿಲ್ಲ.

ಈಗ ಅವನಿಗೆ ನಲವತ್ತೊಂದು. ಪಾಳಿ ಮೊದಲಿನದೇ, ಬೆನ್ನು ಮಾತ್ರ ಬೇರೆ.
ಮಂಗಳವಾರ ಸಂಜೆ ಧಕ್ಕೆಯ ಸಭಾಂಗಣದಲ್ಲಿ
ಮಕ್ಕಳಿಗೆ ಪದ ಜೋಡಿಸುವುದು ಹೇಳಿಕೊಡುತ್ತಾನೆ.
ಟೆನಿಯೋಲಾ ಎಂಬ ಹುಡುಗಿ, ತಾಯಿ ಲೇಗೋಸಿನವಳು,
ನಮ್ಮ ಕಡೆಯೇ ಮೀನು ಸೀಳುತ್ತಾಳೆ;
ಹುಡುಗಿಯ ಮಾತು ಮಾತ್ರ ಅಪ್ಪಟ ಬಂದರಿನದು,
ಮೈಕು ಕೈಗೆ ಬರುವ ತನಕ.
ಬಂದದ್ದೇ ತಡ, ಮೂಗಿಗೇರಿತು ಸುರಂಗ ರೈಲು.
ಲೋರ್ಕನ್ ಬಾಗಿಲವರೆಗೆ ಹೋಗಿ, ತಿರುಗಿ,
ಇಲ್ಲದ ಸೌಟು ಎತ್ತಿ ಕೇಳಿದನಂತೆ:
"ಒಳಗೆ ಆ ಹುಡುಗಿ ಯಾರು?"

ನನಗೆ ಹೇಳಿದ್ದು ನನ್ನ ಮಗಳು. ಅವಳೂ ಹೋಗುತ್ತಾಳೆ.

ಹಳೆಯ ಯಂತ್ರವನ್ನು ಹೋದ ಚಳಿಗಾಲ ಗುಜರಿಗೆ ಹಾಕಿದರು.
ಹೊಸದು ತೊದಲುವುದಿಲ್ಲ.
ನಿನ್ನೆ ರಾತ್ರಿ ಆರು ವರ್ಷದ ಮೇಲೆ ಅವನ ಸಂದೇಶ:
"ಆ ತಾಳ ಇದೆಯಾ? ಮಕ್ಕಳಿಗೆ ಬೇಕು.
ಯಾರದ್ದು ಅಂತ ಹೇಳಿದ್ದೇನೆ."

ಕಪಾಟು ತೆರೆದೆ.
ಅಮ್ಮನ ಕೋಟುಗಳು ಯಾವಾಗಲೋ ಹೋಗಿವೆ.
ಹಳೆಯ ಫೋನು ಚಾರ್ಜಿಗೆ ಹಾಕಿ ಕಾಯುತ್ತಿದ್ದೇನೆ,
ಶೇಕಡಾ ಒಂದು,
ಶೇಕಡಾ ಒಂದು.