ಏನೂ ಕಳೆದಿಲ್ಲ

ಬಂದರಿನ ಮಹಡಿ ಕೋಣೆ. ಕೆಳಗೆ ಒಣಮೀನಿನ ಮಂಡಿ.
ಝಿಯಾನ್ ನನ್ನ ತಲೆಗೆ ಹೆಡ್‌ಫೋನ್ ತೊಡಿಸುತ್ತಾನೆ
ಮದುಮಗನಿಗೆ ಪೇಟ ಇಟ್ಟ ಹಾಗೆ,
ಹಿಂದೆ ಸರಿದು ನೋಡಿ, ಮತ್ತೆ ಸರಿಮಾಡಿ.
"ಇದು ಲಾಸ್‌ಲೆಸ್, ಮಾಮ. ಏನೂ ಕಳೆದಿಲ್ಲ."

ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವನಿಗೆ
ಈ ಮಾತು ನಂಬುವುದು ಕಷ್ಟ.
ಉಡುಪಿಯಿಂದ ಮಂಗಳೂರಿಗೆ, ಟ್ರಿಪ್ಪಿಗೆ ಎಂಟಾಣೆಯಾದರೂ
ಕಡಿಮೆ ಬೀಳದ ದಿನವಿರಲಿಲ್ಲ.

ಕ್ಯಾಸೆಟ್ಟು ಇವನಜ್ಜ ಇದಿನಬ್ಬ ಬಹರೈನಿನಿಂದ ತಂದದ್ದು,
ಎಂಬತ್ತಮೂರರಲ್ಲಿ.
ಮೇಲೆ ನಾಲ್ವರು ಬಿಳಿಚಿದ ಹುಡುಗರು, ಒಬ್ಬನೂ ನಗುವುದಿಲ್ಲ.
"ತಬಲೆ ಇಲ್ಲ, ಗಿಟಾರ್ ಇಲ್ಲ, ಎಲ್ಲ ಕರೆಂಟು" ಅಂದಿದ್ದ.
ಡ್ರೈವರ್ ಡೊಂಬಯಣ್ಣ ಡೆಕ್ಕಿಗೆ ತುರುಕಿದ.

ಕಾಪು ದಾಟುವಷ್ಟರಲ್ಲಿ
ಟಿಕ್ ಟಿಕ್ ಡಬ್, ಟಿಕ್ ಟಿಕ್ ಡಬ್,
ನಾನು ಟಿಕೆಟ್ ಹರಿಯುವುದೂ ಅದೇ ತಾಳಕ್ಕೆ,
ಚಿಲ್ಲರೆ ಕುಲುಕುವುದೂ.
ಮೂಲ್ಕಿಯಲ್ಲಿ ಹತ್ತಿದ ಬೆನಡಿಕ್ಟಾ ಟೀಚರು:
"ಕಂಡಕ್ಟ್ರೇ, ಇದು ಪದ್ಯವೋ, ಯಾರ ಮನೆಯದ್ದೋ ಫ್ರಿಜ್ಜು ಅಳುವುದೋ?"
ಬಸ್ಸಿಡೀ ನಗು.

ನನಗೆ ಮಾತ್ರ ಗೊತ್ತಿತ್ತು: ನಾಲ್ಕನೇ ಪದ್ಯದ ನಡುವೆ
ಹಾಡುವವನ ದನಿ ಕುಸಿಯುತ್ತದೆ,
ಹಗ್ಗ ಹಿಡಿದು ಯಾರೋ ಬಾವಿಗಿಳಿದ ಹಾಗೆ,
ತಳ ಮುಟ್ಟಿ ಮೆಲ್ಲ ಮೇಲೆ ಬರುತ್ತದೆ.
ಅಲ್ಲಿಗೆ ಬಂದಾಗ ನಾನು ಯಾರ ಹತ್ತಿರವೂ ಹಣ ಕೇಳುತ್ತಿರಲಿಲ್ಲ.

ಈಗ ಕಾಯುತ್ತಿದ್ದೇನೆ. ಒಂದು, ಎರಡು, ಮೂರು.
ಎಷ್ಟು ಶುಭ್ರ! ಸ್ಟೀಲಿನ ತಟ್ಟೆಗೆ ಬಿದ್ದ ಹೊಸ ನಾಣ್ಯ.
ನಾಲ್ಕು.
ಬಾವಿ ಇಲ್ಲ.
ದನಿ ಈಗಿನ ಚತುಷ್ಪಥದಲ್ಲಿ ಹೋದ ಹಾಗೆ ನೇರ ಹೋಗಿಬಿಡುತ್ತದೆ
ಸ್ಟಾಪಿನಲ್ಲಿ ಕೈ ಅಡ್ಡ ಹಿಡಿದವನನ್ನು ಬಿಟ್ಟು.

"ಅದು ಟೇಪು ಎಳೆದದ್ದು, ಮಾಮ. ಕಾವಿಗೆ."
ಅಂದರೆ ಆ ಸಂಕಟ
ದೂರದ ಯಾವ ಊರಿನದ್ದೂ ಅಲ್ಲ,
ನಮ್ಮ ಬಾನೆಟ್ಟಿನದ್ದು.
ಡೊಂಬಯಣ್ಣ ಇದ್ದಿದ್ದರೆ ಹೇಳಬಹುದಿತ್ತು.

"ಬಲಗಡೆ, ಮೇಲೆ, ಸಣ್ಣ ಗೆಜ್ಜೆ ಹಾಗೆ ಒಂದುಂಟು. ಕೇಳ್ತದಾ?"
ಬಲಗಿವಿ ಹಾರ್ನಿಗೂ ಸೀಟಿಗೂ ಹೋಗಿ ಹನ್ನೆರಡು ವರ್ಷ.
"ಕೇಳ್ತದೆ" ಅಂದೆ.
ಹುಡುಗ ನಂಬಲಿಲ್ಲವೇನೋ. ಮಾತಾಡದೆ
ಅದು ಬಂದಲ್ಲೆಲ್ಲ ನನ್ನ ಮೊಣಕಾಲ ಮೇಲೆ
ಉಗುರಿನಿಂದ ತಟ್ಟತೊಡಗಿದ.

ಐದನೆಯದು ಶುರುವಾಗುವ ಮೊದಲಿನ ಮೌನದಲ್ಲಿ
ನನ್ನ ಬಾಯಿಗೆ ತಾನಾಗಿ ಬಂತು:
ರೈಟ್, ಪೋಯಿ.